ಹಗುರ ಗದೆ

1911ನೇ ಇಸವಿ ಫೆಬ್ರುವರಿ ಎಂಟು, ಬುಧವಾರ. ಬೈಲಹೊಂಗಲ ಠಾಣೆಯ ಅಂಗಳದ ಕಸ ಇನ್ನೂ ಹೊಡೆದಿರಲಿಲ್ಲ. ಕಂಕುಳಲ್ಲಿ ಕೂಸು ಹೊತ್ತ ಹೆಂಗಸೊಬ್ಬಳು ಓಡುತ್ತ ಬಂದು ಕಟ್ಟೆಯ ಮೇಲೆ ಕುಸಿದಳು.

“ನನ್ನ ಗಂಡನ್ನ ಬಡದು ಒಗದಾರ್ರಿ ಸಾಹೇಬ್ರ. ಜೀನಿನ ಹಿಂದ ಬಿದ್ದಾನ. ಉಸುರ ಐತಿ, ಮಾತಿಲ್ಲ.”

ಹತ್ತಿ ಬಿಡಿಸುವ ಕಾರ್ಖಾನೆಯನ್ನು ಊರವರು ಕರೆಯುತ್ತಿದ್ದುದು ಜೀನು ಎಂದೇ. ಫೌಜದಾರ ನಿಜಗುಣಪ್ಪ ಹವಾಲದಾರ ಜಟ್ಟೆಪ್ಪನನ್ನು ಕೂಡಲೇ ಚಕ್ಕಡಿ ಕೊಟ್ಟು ಅತ್ತ ಕಳಿಸಿದ. ಗಾಯಾಳುವನ್ನು ಸರಕಾರಿ ದವಾಖಾನೆಗೆ ಸೇರಿಸಲು ಹೇಳಿ, ತಾನು ಪ್ರಥಮ ವರದಿ ಬರೆದುಕೊಳ್ಳಲು ಕುಳಿತ. ಅವನು ಕಿತ್ತೂರಿನವನು. ಸವದತ್ತಿಯಿಂದ ವರ್ಗವಾಗಿ ಇಲ್ಲಿಗೆ ಬಂದು ಆರು ತಿಂಗಳಾಗಿತ್ತು.

ಹೆಂಗಸಿನ ಹೆಸರು ಶಟ್ಟೆವ್ವ. ತವರು ನೇಸರಗಿ. ಜೀನಿನಲ್ಲಿ ಕೂಲಿ. ಗಂಡ ಲಗಮಪ್ಪ ಚಕ್ಕಡಿ ಹೊಡೆಯುವವನು. ಪೇಟೆ ಗರಡಿಯ ಮೊದಲ ಪೈಲವಾನ.

“ಯಾರ ಮ್ಯಾಲ ಸಂಶೇ ಐತಿ?”

“ಮಂದಿ ಎಲ್ಲಾ ಕೆರಿ ಓಣಿ ಮುದಕಪ್ಪನ ಹೆಸರ ಹೇಳಾಕ ಹತ್ತ್ಯಾರ. ನನಗೇನ ಗೊತ್ತಿಲ್ರಿ.”

ಪೇಟೆ ಗರಡಿ, ಕೆರೆ ಓಣಿ ಗರಡಿ ಎಂದರೆ ಊರಿನಲ್ಲಿ ಎರಡು ದಂಡು ಇದ್ದಂತೆ. ಮೊದಲು ಕುಸ್ತಿಯಲ್ಲಷ್ಟೇ ಇದ್ದ ಜಿದ್ದು ಎರಡು ವರ್ಷದಿಂದ ಬೀದಿಗೆ ಬಂದಿತ್ತು. ಯಾವ ಬೀದಿ ಯಾರದು ಎಂದು ಹುಡುಗರು ಬಡಿಗೆ ಹಿಡಿದು ತೀರ್ಮಾನಿಸುತ್ತಿದ್ದರು. ಮುದಕಪ್ಪ ಕೆರೆ ಓಣಿಯವರ ಮುಖಂಡ. ಹೋದ ದೀಪಾವಳಿಯಲ್ಲಿ ಲಗಮಪ್ಪನ ಕಾಲು ಮುರಿಯುತ್ತೇನೆಂದು ಪೇಟೆಯ ನಡುವೆ ನಿಂತು ಒದರಿದ್ದ.

ಬರೆಯುತ್ತ ಬರೆಯುತ್ತ ನಿಜಗುಣಪ್ಪನ ಕಣ್ಣು ಕೂಸಿನ ಮೇಲೆ ನಿಂತಿತು. ಹೊರಗೆ ಶಿಪಾಯಿ ದುರ್ಗಪ್ಪ ತಾಮ್ರದ ಕೊಡ ಕೆಡವಿದ. ಆ ಸದ್ದಿಗೆ ಬೀದಿಯ ನಾಯಿ ಎದ್ದು ಓಡಿತು, ಕೂಸು ಮಿಸುಕಲಿಲ್ಲ. ಅವನು ಲೇಖನಿ ಇಟ್ಟು ಎದ್ದು ಬಂದು ಕೂಸಿನ ರೆಪ್ಪೆ ಎತ್ತಿ ನೋಡಿದ. ಕಣ್ಣ ಪಾಪೆ ಸಾಸಿವೆಯಷ್ಟಾಗಿತ್ತು. ಇಂಥ ಕಣ್ಣುಗಳನ್ನು ಅಫೀಮು ತಿನ್ನುವವರಲ್ಲಿ ಕಂಡಿದ್ದ. ಹಾಲು ಕುಡಿಯುವ ಕೂಸಿನಲ್ಲಿ ಕಂಡಿರಲಿಲ್ಲ.

“ಕೂಸಿಗೆ ಏನ ಕೊಟ್ಟಿ, ತಂಗಿ?”

ಶಟ್ಟೆವ್ವ ಸೆರಗು ಬಾಯಿಗೆ ಒತ್ತಿಕೊಂಡಳು. “ಗುಳಗೀರಿ. ಜೀನಿನ್ಯಾಗ ಎಲ್ಲಾರೂ ಕೊಡತಾರ. ಎಚ್ಚರಿದ್ರ ಅಂಬೆಗಾಲಿಟ್ಟು ಮಷೀನಿಗೆ ಹೊಕ್ಕಾವ್ರಿ. ಮಲಕೊಂಡ್ರ ಜೀವಾ ಉಳಿತೈತಿ ಅಂತ…”

“ಯಾರ ಮಾರತಾರ?”

“ಗರಡಿ ಹುಡುಗರು. ಮಾರಿಗೆ ವಲ್ಲಿ ಸುತಗೊಂಡ ಬರತಾರ. ಯಾವ ಗರಡಿ ಅನ್ನೂದ ತಿಳಿಯೂದಿಲ್ಲ. ನಿನ್ನಿ ಸಂಜಿಕ ಕೂಸು ಏಳವಲ್ದು ಅಂತ ನಮ್ಮವರು ಆ ಗುಳಗಿ ನೋಡಿದ್ರು. ಮೂಸಿ ನೋಡಿ, ಹಂಗ ನಿಂತಬಿಟ್ರು. ಹೊರಗ ಹೋದ್ರು. ಆಮ್ಯಾಲ ಬಂದಿಲ್ರಿ.”

ಮುಂದಿನದನ್ನು ಕೇಳುತ್ತ ಕೂರಲಿಲ್ಲ. ಫೌಜದಾರ ಸಾಹೇಬ ಕೂಸನ್ನು ಎದೆಗವುಚಿಕೊಂಡು ಪೇಟೆಯಲ್ಲಿ ಓಡುವುದನ್ನು ಅಂದು ಊರೇ ನೋಡಿತು. ಡಾಕ್ಟರು ಕೂಸಿನ ಅಂಗಾಲಿಗೆ ಬಡಿದರು, ಮುಖಕ್ಕೆ ತಣ್ಣೀರು ಚಿಮುಕಿಸಿದರು, ಬಟ್ಟೆಯ ತುದಿಯಿಂದ ಕಾಫಿ ಕಷಾಯ ಹನಿಸಿದರು. “ನಿದ್ದಿ ಮಾಡಾಕ ಬಿಡಬ್ಯಾಡ,” ಎಂದು ತಾಯಿಗೆ ಹೇಳಿದರು. ಮಧ್ಯಾಹ್ನ ಹೊರಳುವ ಹೊತ್ತಿಗೆ ಕೂಸು ಒಮ್ಮೆ ಕೊಸರಾಡಿ, ಗಂಟಲು ಹರಿಯುವಂತೆ ಅತ್ತಿತು. ಶಟ್ಟೆವ್ವನೂ ಅದರೊಡನೆ ಅತ್ತಳು.

ಆಮೇಲೆ ಸ್ಥಳ ಪಂಚನಾಮೆ. ಜೀನಿನ ಹಿಂದಿನ ಹೊಲ ಎರೆಭೂಮಿ, ಕಾಡಿಗೆಯಂಥ ಮಣ್ಣು. ಪಂಚರಿಬ್ಬರ ಸಮಕ್ಷಮ ನಿಜಗುಣಪ್ಪ ಸುತ್ತಲೂ ನೋಡಿದ. ನೆತ್ತರಿಲ್ಲ, ಹುಲ್ಲು ತುಳಿದಿಲ್ಲ. ಬಡಿದಾಡಿದ ಗುರುತೇ ಇಲ್ಲ. ದವಾಖಾನೆಯಲ್ಲಿ ಲಗಮಪ್ಪನ ಬೆನ್ನ ಮೇಲೆ, ಕೂದಲಲ್ಲಿ ಅಂಟಿದ್ದುದಾದರೋ ಎಣ್ಣೆ ಮಜ್ಜಿಗೆ ಕಲಸಿದ ಕೆಂಪು ಮಣ್ಣು. ಗರಡಿಯ ಮಟ್ಟಿ ಅದು.

“ಗರಡಿಯೊಳಗ ಬಡದು, ಇಲ್ಲಿ ತಂದ ಒಗದಾರ,” ಎಂದ ಜಟ್ಟೆಪ್ಪ. “ಮುದಕಪ್ಪನ್ನ ಎಳಕೊಂಡ ಬರ್ಲ್ಯಾ ಸಾಹೇಬ್ರ?”

“ನಡಿ, ನಾವ ಹೋಗೂಣು.”

ಮುದಕಪ್ಪನನ್ನು ಹಿಡಿದರೆ ಊರು ಹೌದು ಹೌದು ಎನ್ನುತ್ತಿತ್ತು, ಕೆಲಸವೂ ಅಂದೇ ಮುಗಿಯುತ್ತಿತ್ತು. ಆ ಸುಲಭವೇ ನಿಜಗುಣಪ್ಪನನ್ನು ಕಾಡಿತು.

ಕೆರೆ ಓಣಿಯ ಗರಡಿಯ ಬಾಗಿಲಲ್ಲಿ ಮುದಕಪ್ಪ ಎದೆ ಸೆಟೆಸಿ ನಿಂತಿದ್ದ. ಹಿಂದೆ ಹತ್ತಾರು ಹುಡುಗರು.

“ಮಂಗಳವಾರ ಸಂಜಿಕ ಎಲ್ಲಿದ್ದಿ?”

“ಮನ್ಯಾಗ.”

“ಗರಡಿ ತಗಿ.”

ಬಾಗಿಲು ಕಿರುಗುಟ್ಟುತ್ತ ತೆರೆಯಿತು. ಒಳಗೆ ಮಟ್ಟಿ ಒಣಗಿ ಕಲ್ಲಾಗಿತ್ತು. ಅಂಚಿನಲ್ಲಿ ಹುಲ್ಲು ಚಿಗುರಿತ್ತು. ನಿಜಗುಣಪ್ಪ ಹಿಮ್ಮಡಿಯಿಂದ ಗುದ್ದಿ ನೋಡಿದ. ಒಂದು ಚೂರೂ ಏಳಲಿಲ್ಲ.

“ಅಪ್ಪ ತೀರಿಕೊಂಡ ಮ್ಯಾಲ ಮಟ್ಟಿ ಅಗದಿಲ್ರಿ,” ಎಂದ ಮುದಕಪ್ಪ, ದನಿ ಇಳಿದಿತ್ತು. “ವರಸದ ತನಾ ಇಳಿಯೂದಿಲ್ಲ ಅಂತ ಆಣಿ ಮಾಡೇನಿ. ಲಗಮನ ಕಾಲ ಮುರಿಬೇಕಂದ್ರ ಕುಸ್ತ್ಯಾಗ ಮುರೀತೇನಿ. ಹಿಂಗ ಕದ್ದು ಬಡಿಯಾವನಲ್ಲ ನಾ.”

ಊರಿನಲ್ಲಿ ಉಳಿದದ್ದು ಒಂದೇ ಗರಡಿ. ಅದು ಲಗಮಪ್ಪನದೇ.

ಗುರುವಾರ ದವಾಖಾನೆಗೆ ಹೋದಾಗ ಲಗಮಪ್ಪನಿಗೆ ಎಚ್ಚರವಾಗಿತ್ತು. ಪಕ್ಕದಲ್ಲಿ ಪೇಟೆ ಗರಡಿಯ ವಸ್ತಾದ ಶಂಕರೆಪ್ಪ ಕುಳಿತಿದ್ದ. ಐವತ್ತು ದಾಟಿದ ಆಜಾನುಬಾಹು. ಊರಿನ ಅರ್ಧ ಗಂಡಸರು ಅವನ ಕೈಯಲ್ಲಿ ಪಟ್ಟು ಕಲಿತವರು. ಫೌಜದಾರನನ್ನು ಕಂಡು ಎದ್ದು ನಿಂತ. “ರಾಮದುರ್ಗದ ಕಡೆ ಕುಸ್ತಿ ಅದಾವ್ರಿ ಸಾಹೇಬ್ರ, ಹೊಂಟೇನಿ. ನಮ್ಮ ಹುಡುಗನ್ನ ಬಡದಾವರ್ನ ಬಿಡಬ್ಯಾಡ್ರಿ,” ಎಂದು ಹೇಳಿ ಹೊರಟ. ಅವನು ಬಾಗಿಲು ದಾಟುವವರೆಗೂ ಲಗಮಪ್ಪ ಗೋಡೆಯ ಕಡೆ ನೋಡುತ್ತಿದ್ದ.

“ಯಾರ ಬಡದ್ರು?”

“ಎತ್ತ ತಿವೀತ್ರಿ.”

“ಎತ್ತಿಗೆ ಬಡಿಗಿ ಹಿಡಿಯಾಕ ಬರತೈತೇನ?”

ಲಗಮಪ್ಪ ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡ.

ನಿಜಗುಣಪ್ಪ ಮಂಚದ ಅಂಚಿನಲ್ಲಿ ಕುಳಿತ. “ನಿನ್ನ ಕೂಸು ಬದುಕೈತಿ. ಮುಂಜಾನಿ ಹಾಲ ಕುಡೀತು.”

ಲಗಮಪ್ಪನ ಕಣ್ಣು ತುಂಬಿ ಬಂತು.

“ಕೇಳ ಲಗಮಾ. ನಾಳಿ ಶುಕ್ರವಾರ. ಸಂತಿಗೆ ಸುತ್ತಿನ ಹಳ್ಳಿ ಮಂದಿ ಎಲ್ಲಾ ಬರತೈತಿ. ನಿಮ್ಮ ಗರಡಿ ಹುಡುಗರು ಮುದಕಪ್ಪನ್ನ ಕಡಿತೇವಿ ಅಂತ ಕೊಡ್ಲಿ ಮಸಿಯಾಕ ಹತ್ತ್ಯಾರ. ಅವ ನಿನ್ನ ಮುಟ್ಟಿಲ್ಲ. ಅದು ನಿನಗ ಗೊತ್ತೈತಿ, ನನಗೂ ಗೊತ್ತೈತಿ. ನೀ ಸುಮ್ಮಕಿದ್ರ ತಪ್ಪಿಲ್ಲದಾವನ ಹೆಣಾ ಬೀಳತೈತಿ.”

ಲಗಮಪ್ಪ ಅವನ ಕಡೆ ಹೊರಳಿದ. “ಅವರ ಹೆಸರ ನನ್ನ ಬಾಯಾಗ ಬರೂದಿಲ್ರಿ. ಎಂಟ ವರಸದಾವ ಇದ್ದಾಗಿಂದ ಅವರ ಹಾಲ ಹಣ್ಣ ತಿಂದ ಬೆಳದೇನಿ. ನಾನೂ ಹೊತ್ತೇನ್ರಿ ಆ ಅಫೀಮಿನ ಹೊರಿ. ಮುದುಕರು ಮೈನೋವಿಗೆ ತಿಂತಾರ ಅಂತ ತಿಳಕೊಂಡಿದ್ನಿ. ನನ್ನ ಕೂಸಿನ ಬಾಯಾಗ ಬಿದ್ದಾಗ…” ಆಮೇಲೆ ಕಣ್ಣು ಮುಚ್ಚಿಕೊಂಡು ಒಂದೇ ಒಂದು ಮಾತು ಹೇಳಿದ. “ಗದಾ ಎತ್ತಿ ನೋಡ್ರಿ.”

ಗರಡಿಯ ಹುಡುಗರು ತಿರುವುವ ಮರದ ಗದೆ ಹೊತ್ತು ಶಂಕರೆಪ್ಪನ ತಂಡ ತಿಂಗಳಿಗೊಮ್ಮೆ ರಾಮದುರ್ಗ ಸಂಸ್ಥಾನದ ಕಡೆ ಕುಸ್ತಿಗೆ ಹೋಗಿ ಬರುತ್ತಿತ್ತು. ಗಡಿಯ ನಾಕಾದಲ್ಲಿ ಗಂಟು ಬಿಚ್ಚಿಸುತ್ತಿದ್ದವರು ಪೈಲವಾನರ ಗದೆಗೆ ಕೈ ಮುಗಿದು ಬಿಡುತ್ತಿದ್ದರು.

ಶುಕ್ರವಾರ ನಿಜಗುಣಪ್ಪ ಒಂದು ಕೆಲಸ ಮಾಡಿದ. ಮುದಕಪ್ಪನನ್ನು ಕರೆಸಿ, ಪಕ್ಕಕ್ಕೆ ನಿಲ್ಲಿಸಿಕೊಂಡು, ಸಂತೆಯ ಈ ತುದಿಯಿಂದ ಆ ತುದಿಯವರೆಗೆ ನಡೆದ. ನಡುನಡುವೆ ನಿಂತು ಅವನಿಗೆ ಎಲೆ ಅಡಿಕೆ ಕೊಟ್ಟ, ಮಳೆ ಬೆಳೆ ಮಾತಾಡಿದ. ಪೇಟೆ ಗರಡಿಯ ಹುಡುಗರು ಮೂಲೆ ಮೂಲೆಯಲ್ಲಿ ನಿಂತು ನೋಡಿದರು. ಫೌಜದಾರನೇ ತಪ್ಪಿತಸ್ಥನೆಂದು ಎಣಿಸದವನ ಮೇಲೆ ಕೊಡಲಿ ಎತ್ತುವುದು ಹೇಗೆಂದು ತಿಳಿಯದೆ ಒಬ್ಬೊಬ್ಬರಾಗಿ ಕರಗಿದರು. ಮುದಕಪ್ಪನ ಬೆನ್ನು ಬೆವರಿನಿಂದ ತೊಯ್ದಿತ್ತು. ನಿಜಗುಣಪ್ಪನದೂ ಅಷ್ಟೇ.

ಶನಿವಾರ ಫೆಬ್ರುವರಿ ಹನ್ನೊಂದು. ಸವದತ್ತಿ ಠಾಣೆಗೆ ಮೊದಲೇ ತಿಳಿಸಿ, ಜಟ್ಟೆಪ್ಪ, ದುರ್ಗಪ್ಪರೊಡನೆ ಅಲ್ಲಿನ ಶಿಪಾಯಿಗಳನ್ನೂ, ಪಂಚರಾಗಿ ಮನೋಳಿಯ ಒಕ್ಕಲಿಗರಿಬ್ಬರನ್ನೂ ಕರೆದುಕೊಂಡು ನಿಜಗುಣಪ್ಪ ರಾಮದುರ್ಗದಿಂದ ಮರಳುವ ದಾರಿಯಲ್ಲಿ, ಮಲಪ್ರಭೆಯ ದಡದಲ್ಲಿ ಕಾದ. ನೀರು ಮೊಣಕಾಲಿಗಿತ್ತು. ಬಿಸಿಲೇರಿದಾಗ ಆಚೆ ದಡದಲ್ಲಿ ಶಂಕರೆಪ್ಪ ಕಾಣಿಸಿದ. ಹಿಂದೆ ನಾಲ್ವರು ಹುಡುಗರು, ಎಲ್ಲರ ಹೆಗಲ ಮೇಲೂ ಗದೆ. ನಗುತ್ತ, ನೀರು ಚಿಮ್ಮಿಸುತ್ತ ಹೊಳೆ ದಾಟಿ ಬಂದರು.

“ಕುಸ್ತಿ ಗೆದ್ರೇನ ವಸ್ತಾದ್ರ?”

“ದೇವರ ದಯಾ ಸಾಹೇಬ್ರ.” ಶಂಕರೆಪ್ಪನ ನಗೆ ಅರ್ಧಕ್ಕೆ ನಿಂತಿತು. ಮರಳಿನ ದಿಬ್ಬದ ಹಿಂದಿನಿಂದ ಶಿಪಾಯಿಗಳು ಎದ್ದಿದ್ದರು.

“ಗದಾ ಇಲ್ಲಿ ಇಡ್ರಿ. ಎಲ್ಲಾನೂ.”

ನಿಜಗುಣಪ್ಪ ಒಂದೊಂದನ್ನೇ ಎತ್ತಿದ. ಮೊದಲ ಎರಡು ತೋಳು ಜಗ್ಗುವಂತಿದ್ದವು. ಮೂರನೆಯದನ್ನು ಅದೇ ಬಲದಿಂದ ಎತ್ತಹೋಗಿ ಹಿಂದಕ್ಕೆ ಮುಗ್ಗರಿಸಿದ. ಅಷ್ಟು ಹಗುರ. ಜಟ್ಟೆಪ್ಪ ಅದರ ಬುಡಕ್ಕೆ ಮೆತ್ತಿದ್ದ ಮೇಣ ಕೆರೆದ, ಬಿರಡೆ ಕಿತ್ತ. ಕಪ್ಪು ಬೆಲ್ಲದಂಥ ಮುದ್ದೆಗಳು ಮರಳಿಗೆ ಉರುಳಿದವು. ವಾಸನೆಗೆ ಪಂಚರು ಮೂಗು ಮುಚ್ಚಿಕೊಂಡರು.

ಒಬ್ಬ ಹುಡುಗ ಸೊಂಟದಿಂದ ಚೂರಿ ಎಳೆದ. ಉಳಿದವರೂ ಬಡಿಗೆಗೆ ಕೈ ಹಾಕಿದರು. ದುರ್ಗಪ್ಪ ಬಂದೂಕು ಎತ್ತಿದ.

“ಕೆಳಗಿಡ್ರಲೇ!” ಗುಡುಗಿದ್ದು ಶಂಕರೆಪ್ಪ. “ನಿಮ್ಮ ಅವ್ವಗಳಿಗೆ ನಾ ಏನ ಹೇಳ್ಲಿ? ಇಡ್ರಿ ಕೆಳಗ.”

ಚೂರಿ ಮರಳಿಗೆ ಬಿತ್ತು. ಪಂಚನಾಮೆ ಮುಗಿದ ಮೇಲೆ ಶಂಕರೆಪ್ಪ ಎರಡೂ ಕೈ ಮುಂದೆ ಚಾಚಿದ. ಬಲಗೈ ಎದೆಯ ಮಟ್ಟಕ್ಕಿಂತ ಮೇಲೆ ಏಳಲಿಲ್ಲ.

ಠಾಣೆಯಲ್ಲಿ ಹೇಳಿಕೆ ಕೊಡುವಾಗ ಅವನು ಏನನ್ನೂ ಮುಚ್ಚಿಡಲಿಲ್ಲ. ಹಿಂದೊಮ್ಮೆ ಕುಸ್ತಿಯಲ್ಲಿ ಭುಜ ಕಳಚಿತ್ತು. ನೋವಿಗೆಂದು ಯಾರೋ ಒಂದು ಗುಳಿಗೆ ಕೊಟ್ಟರು. ನೋವು ಹೋಯಿತು; ಗುಳಿಗೆ ಹೋಗಲಿಲ್ಲ. ಅದಿಲ್ಲದೆ ಹಾಸಿಗೆಯಿಂದ ಏಳಲಾಗದಂತಾಯಿತು. ವಸ್ತಾದ ಮಲಗಿದರೆ ಗರಡಿಯೇ ಮಲಗಿದಂತೆ ಎಂದುಕೊಂಡ. ಗಡಿಯಾಚೆಯ ಮಾರಾಟಗಾರರು ಅವನ ಪಾಲಿನ ಗುಳಿಗೆ ಕೊಡುತ್ತೇವೆಂದರು, ಗದೆಯಲ್ಲಿ ತಮ್ಮ ಮಾಲು ಹೊರಬೇಕೆಂದರು. ಊರಲ್ಲಿ ಅದು ಯಾರ ಬಾಯಿಗೆ ಬೀಳುತ್ತದೆಂದು ಅವನು ಕೇಳಲಿಲ್ಲ.

“ಲಗಮನ್ನ ಯಾರ ಬಡದ್ರು?”

“ನಾನ. ಜೀನಿನ ಹಿಂದ ಒಗಸಿದ್ದೂ ನಾನ. ‘ನನ್ನ ಕೂಸು ಸಾಯಾಕ ಹತ್ತೈತಿ ವಸ್ತಾದ್ರ, ಇನ್ನ ನಾ ಹೊರೂದಿಲ್ಲ’ ಅಂದ. ಅವ ಅಂದದ್ದು ಖರೇ ಇತ್ತು. ಅದಕ್ಕ ಸಿಟ್ಟ ಬಂತು.”

ಅಫೀಮು ಕಾಯ್ದೆಯ ಪ್ರಕರಣ ಬೆಳಗಾವಿಗೆ ಹೋಗುವ ಮುನ್ನ ಊರಿನಲ್ಲಿ ಕೆಲವು ಸಂಗತಿಗಳು ಬದಲಾದವು. ಶಟ್ಟೆವ್ವ ಜೀನಿನ ಹೆಂಗಸರನ್ನೆಲ್ಲ ಕೂಡಿಸಿಕೊಂಡು ಮ್ಯಾನೇಜರನ ಮುಂದೆ ನಿಂತಳು. ಕೂಸುಗಳಿಗೆ ಬೇರೆ ಜಾಗ ಕೊಡುವ ತನಕ ಒಳಗೆ ಕಾಲಿಡುವುದಿಲ್ಲ ಎಂದಳು. ಎರಡು ದಿನ ಜೀನು ನಿಂತಿತು, ಮೂರನೇ ದಿನ ಹಿತ್ತಲ ಶೆಡ್ಡು ಖಾಲಿಯಾಯಿತು. ಕೃಷ್ಣವ್ವ ಎಂಬ ಮುದುಕಿ ಅಲ್ಲಿ ತೊಟ್ಟಿಲು ತೂಗಲು ಕುಳಿತಳು. ಮುದಕಪ್ಪ ಆಣೆಯನ್ನು ದೇವರಿಗೆ ಒಪ್ಪಿಸಿ, ಎರಡೂ ಓಣಿಯ ಹುಡುಗರಿಗೆಂದು ತನ್ನ ಗರಡಿಯ ಮಟ್ಟಿ ಅಗೆಸಿದ.

ಲಾಕಪ್ಪಿನಲ್ಲಿ ಶಂಕರೆಪ್ಪ ಮೊದಲ ದಿನಗಳಲ್ಲಿ ಗುಳಿಗೆಯಿಲ್ಲದೆ ನಡುಗಿದ, ವಾಂತಿ ಮಾಡಿಕೊಂಡ, ಗೋಡೆಗೆ ತಲೆ ಚಚ್ಚಿಕೊಂಡ. ಡಾಕ್ಟರು ದಿನಾಲೂ ಬಂದು ಹೋದರು. ಬೆಳಗಾವಿಗೆ ಹೊರಡುವ ದಿನ ಬೆಳಿಗ್ಗೆ ಲಗಮಪ್ಪ ಕೋಲೂರಿಕೊಂಡು ಬಂದು ಸರಳಿನ ಆಚೆ ನಿಂತ. ನಿಜಗುಣಪ್ಪ ಬೀಗ ತೆಗೆಸಿದ. ಲಗಮಪ್ಪ ಒಳಗೆ ಹೋಗಿ ಗುರುವಿನ ಪಕ್ಕ ನೆಲದ ಮೇಲೆ ಕುಳಿತ.

ಶಂಕರೆಪ್ಪ ತಲೆ ಎತ್ತಿದ. “ನಿದ್ದಿ ಇನ್ನೂ ಬರವಲ್ದು ಲಗಮಾ,” ಎಂದ. “ಆದ್ರ ಇವತ್ತ ಹಸಿವಾಗೇತಿ ನೋಡ. ಎಷ್ಟ ವರಸ ಆಗಿತ್ತು.”

ಜಟ್ಟೆಪ್ಪ ರೊಟ್ಟಿ ತರಲು ಹೊರಟ.