ಮಂಡಿನೋವಿನವರ ಹಂಪಿ ಮತ್ತು ತ್ರಿವೇಣಿಯ ಸಿಟ್ಟು

"ನಗೋದು ಮುಗೀತೇನ್ರಿ ಸರ್? ಮುಗಿದಿದ್ರ, ಹಂಪಿ ಅನ್ನದ ನಾ ಮತ್ತೇನಂತ ಬರೀಬೇಕು, ಉತ್ತರ ಹೇಳ್ರಿ."

ತ್ರಿವೇಣಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತಿದ್ದಳು. ಹೊಸಪೇಟೆಯಲ್ಲಿ ಬೇಕರಿಯೊಂದರ ಮೇಲಿದ್ದ ಆ ಕಂಪ್ಯೂಟರ್ ಕ್ಲಾಸಿನಲ್ಲಿ ನಗುತ್ತಿದ್ದವರೆಲ್ಲ ಈಗ ಅವಳ ಕಡೆ ತಿರುಗಿದ್ದರು.

ಹೊಸದಾಗಿ ಬ್ಲಾಗ್ ಬರೆಯುವವರಿಗಾಗಿ ಇದ್ದ ಭಾನುವಾರದ ಕ್ಲಾಸ್ ಅದು. ಕಲಿಸುವವನು ಸಿದ್ದಲಿಂಗೇಶ್. ಕೀವರ್ಡ್ ಅಂದರೆ ಜನ ಏನಾದರೂ ಹುಡುಕುವಾಗ ಫೋನಿನಲ್ಲಿ ಒತ್ತುವ ಮಾತು, ಆ ಮಾತು ಯಾವುದೆಂದು ತಿಳಿಯದೆ ಬರೆದರೆ ಬರೆದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಹೇಳಿ, ನಿಮ್ಮ ಕೀವರ್ಡ್ ಯಾವುದು ಅಂತ ಒಬ್ಬೊಬ್ಬರನ್ನೇ ಕೇಳುತ್ತಾ ಬಂದಿದ್ದ. ತ್ರಿವೇಣಿ "ಹಂಪಿ" ಅಂದಳು.

ಅವನು ನಕ್ಕುಬಿಟ್ಟ. "ಅದೊಂದೇ ಮಾತಿಗೆ ದೊಡ್ಡ ದೊಡ್ಡ ಕಂಪನಿಯೋರು ಸಾಲಾಗಿ ಕುಂತಾರ್ರಿ. ಅವರ ಹಿಂದ ನಿಮ್ಮ ಬ್ಲಾಗ್ ಹುಡುಕಾಕ ಆ ವಿರೂಪಾಕ್ಷನ ಬರಬೇಕು."

ಇಡೀ ಕ್ಲಾಸು ನಕ್ಕಿತು. ಕಲಿಸುವವರಿಗೆ ಈ ಚಟ ಯಾಕೋ! ಒಬ್ಬರನ್ನು ನಗೆಪಾಟಲು ಮಾಡಿ ಉಳಿದವರಿಗೆ ಪಾಠ ಹೇಳುವುದು.

ಅವಳು ಬ್ಲಾಗ್ ಬರೆಯಲು ಹೊರಟದ್ದು ಶೋಕಿಗಲ್ಲ. ಕಮಲಾಪುರದ ಮನೆಯಲ್ಲಿ ಮುಂದಿನ ಎರಡು ರೂಮುಗಳನ್ನು ಅವಳ ತಾಯಿ ಚಂದ್ರಕಲಾ ಹಂಪಿ ನೋಡಲು ಬರುವವರಿಗೆ ಕೊಡುತ್ತಿದ್ದಳು. ಗಂಡ ಹೋದ ಮೇಲೆ ಯಾರ ಮುಂದೂ ಕೈಯೊಡ್ಡದೆ ತಲೆಯೆತ್ತಿ ಓಡಾಡಲು ಆಕೆಗಿದ್ದ ಆಸರೆ ಅದೊಂದೇ. ಈ ಸೀಸನ್ನಿನಲ್ಲೂ ರೂಮು ಖಾಲಿ ಬಿದ್ದರೆ ಹಾರ್ಡ್‌ವೇರ್ ಅಂಗಡಿಯವನಿಗೆ ಗೋಡೌನಿಗೆ ಕೊಟ್ಟುಬಿಡುತ್ತೇನೆ ಎಂದು ಮನೆಯ ಯಜಮಾನಿಕೆ ಹಿಡಿದಿದ್ದ ದೊಡ್ಡಪ್ಪ ನಾಗೇಂದ್ರಪ್ಪ ಹೇಳಿಯಾಗಿತ್ತು.

"ಉತ್ತರ ನನ್ನ ಹತ್ರ ಇಲ್ರಿ," ಅಂದ ಸಿದ್ದಲಿಂಗೇಶ್. ನಗು ಹೋಗಿತ್ತು, ದನಿ ಮಾತ್ರ ಬಿಗಿಯಾಗೇ ಇತ್ತು. "ನಿಮ್ಮ ಮನಿಗೆ ಬರೋ ಮಂದಿ, ಊರು ಬಿಡೋಕ್ಕಿಂತ ಮೊದ್ಲು ಏನ್ ಕೇಳ್ತಾರ? ಯಾವುದಕ್ಕ ಅಂಜ್ತಾರ? ಅದು ಗೊತ್ತೇನು ನಿಮಗ?"

ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದೇ ಅವಳ ಸಿಟ್ಟನ್ನು ನೆತ್ತಿಗೇರಿಸಿತು.

'ತೋರಿಸ್ತೀನಿ ಇವನಿಗೆ... ನಕ್ಕ ಬಾಯಿ ಮುಚ್ಚಿಸದಿದ್ದರೆ ನಾನು ಚಂದ್ರಕಲಾನ ಮಗಳೇ ಅಲ್ಲ!'

ಮರುದಿನದಿಂದ ತ್ರಿವೇಣಿ ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ, ಹಂಪಿ ಬಸ್ಸು ನಿಲ್ಲುವ ಕಡೆ ಹೋಗಿ ನಿಲ್ಲತೊಡಗಿದಳು. ಇಳಿದವರು, ಹತ್ತುವವರು ಏನು ಕೇಳುತ್ತಾರೆ ಎಂದು ಕಿವಿಗೊಟ್ಟಳು. ಲಗೇಜು ಎಲ್ಲಿಡುವುದು, ಕೊನೇ ಬಸ್ಸು ಯಾವಾಗ, ರೊಟ್ಟಿ ಊಟ ಎಲ್ಲಿ ಸಿಗುತ್ತದೆ... ಇವೆಲ್ಲ ಅವಳಿಗೂ ತಿಳಿದದ್ದೇ.

ಆದರೆ ಒಂದು ಬೆಳಗ್ಗೆ ಮಗಳೊಬ್ಬಳು ತನ್ನ ತಾಯಿಗೆ, "ಅಲ್ಲಿ ಎಷ್ಟು ಮೆಟ್ಟಿಲು ಇದಾವೋ ಏನೋ, ನಿನ್ನ ಮಂಡಿ ನೋವಿಗೆ ಆಗಲ್ಲಮ್ಮ. ನೀನು ಲಾಡ್ಜಲ್ಲೇ ಇರು," ಅಂದಳು. ಅಷ್ಟು ದೂರದಿಂದ ಹಂಪಿ ನೋಡಲೆಂದೇ ಹೊಸ ಸೀರೆ ಉಟ್ಟು ಬಂದಿದ್ದ ಆ ಮುದುಕಿ ಬ್ಯಾಗು ತಬ್ಬಿಕೊಂಡು ಬೆಂಚಿನ ಮೇಲೆ ಕೂತಳು.

ಹೇಳಲು ಹೆಜ್ಜೆ ಮುಂದಿಟ್ಟ ತ್ರಿವೇಣಿ, ಎಲ್ಲಿ ಎಷ್ಟು ಮೆಟ್ಟಿಲೆಂದು ತನಗೂ ಸರಿಯಾಗಿ ಗೊತ್ತಿಲ್ಲವೆಂದು ಹೊಳೆದು ನಿಂತಳು. 'ಈಯಮ್ಮ ನೋಡಬಹುದಾದ ಹಂಪಿ ಎಷ್ಟೊಂದಿದೆ. ಹೇಳುವವರೇ ಇಲ್ಲವಲ್ಲ!'

ಅಂದೇ ಪಕ್ಕದ ಮನೆಯ ಭರಮಮ್ಮಜ್ಜಿಯನ್ನು ಹಿಡಿದಳು. ಭರಮಮ್ಮನ ಎರಡೂ ಮಂಡಿ ಹೋಗಿ ವರ್ಷಗಳಾಗಿದ್ದವು, ಬಾಯಿ ಮಾತ್ರ ಗಟ್ಟಿಯಿತ್ತು. ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಎಲ್ಲೆಲ್ಲಿ ನೆಲ ಸಮ ಇದೆ, ಎಲ್ಲಿ ಮೆಟ್ಟಿಲು ಎತ್ತರ, ಎಲ್ಲಿ ನೆರಳಿಗೆ ಕೂರಬಹುದು ಎಂದು ತ್ರಿವೇಣಿ ದಿನಗಟ್ಟಲೆ ಸುತ್ತಿದಳು. ಭರಮಮ್ಮ ಬೈಯುತ್ತಲೇ ನಡೆದಳು. ಕಮಲ ಮಹಲು, ಆನೆ ಲಾಯ ಆರಾಮ. ವಿಠ್ಠಲ ಗುಡಿಗೆ ಬ್ಯಾಟರಿ ಗಾಡಿ ಇದೆ, ಆದರೆ ಒಳಗೆ ಕೈ ಹಿಡಿಯುವವರು ಬೇಕು. ಮಾತಂಗ ಬೆಟ್ಟದ ಬುಡದಲ್ಲಿ ಅಜ್ಜಿ ಒಮ್ಮೆ ಮೇಲೆ ನೋಡಿ, ಇದನ್ನು ಬರೆದರೆ ನಿನ್ನ ಕಾಲು ಮುರೀತೀನಿ ಅಂದಳು. ತ್ರಿವೇಣಿ ಬರೆಯಲಿಲ್ಲ.

ಮುಂದಿನ ಕ್ಲಾಸಿನಲ್ಲಿ ಅವಳು ಎದ್ದು ನಿಂತು, "ಮಂಡಿ ನೋವಿದ್ದವರು ಹಂಪಿ ನೋಡಬಹುದಾ," ಎಂದು ಸಿಡುಕಿನಿಂದಲೇ ಹೇಳಿದಳು. "ಇದು ನನ್ನ ಕೀವರ್ಡು. ಈಗ ನಗ್ರಿ."

ಯಾರೋ ಕಂಪ್ಯೂಟರಿನಲ್ಲಿ ಹಾಕಿ ನೋಡಿ, ಇದನ್ನು ಹುಡುಕುವವರ ಸಂಖ್ಯೆ ಸೊನ್ನೆ ತೋರಿಸುತ್ತಿದೆ ಅಂದರು. ಸಿದ್ದಲಿಂಗೇಶ್ ನಗಲಿಲ್ಲ. ಅವಳನ್ನೇ ನೋಡುತ್ತಾ ನಿಂತಿದ್ದ.

"ಸೊನ್ನೆ ಅಂದ್ರ ಯಾರೂ ಕೇಳಂಗಿಲ್ಲ ಅಂತ ಅಲ್ಲ. ನಮ್ಮ ಮಂದಿ ಕೇಳೋದು ಆ ಲೆಕ್ಕಕ್ಕ ಸಿಕ್ಕಿಲ್ಲ, ಅಷ್ಟ. ಬರೀರಿ ತ್ರಿವೇಣಿ. ಅವತ್ತು ನಕ್ಕಿದ್ದು ತಪ್ಪಾತು."

ತಪ್ಪಾಯಿತು ಅನ್ನುವ ಗಂಡಸನ್ನು ಅವಳು ಅದುವರೆಗೆ ನೋಡಿರಲಿಲ್ಲ. ಸಿಟ್ಟಿಗೆ ನಿಲ್ಲಲು ಜಾಗವೇ ಸಿಗದಂತಾಯಿತು.

ಆಮೇಲೆ ದಿನಾ ಸಂಜೆ ಅವನ ಫೋನು. ತಲೆಬರಹ ಹೀಗಿರಲಿ, ಮೊದಲ ಸಾಲಲ್ಲೇ ಉತ್ತರ ಬರಲಿ, ಕೊನೆಯಲ್ಲಿ ಮನೆಯ ವಿಳಾಸ, ಫೋನ್ ನಂಬರು ಹಾಕಿ... ಪಾಠ ಮುಗಿದರೂ ಮಾತು ಮುಗಿಯುತ್ತಿರಲಿಲ್ಲ. ಒಂದು ದಿನ ಕಮಲಾಪುರಕ್ಕೇ ಬಂದು, ಚಂದ್ರಕಲಾ ಕೊಟ್ಟ ಮಂಡಕ್ಕಿ ಒಗ್ಗರಣೆ ತಿಂದು, ಅವಳು ಬರೆದದ್ದನ್ನು ಜಗಲಿಯ ಮೇಲೆ ಕೂತು ಜೋರಾಗಿ ಓದಿದ. ತನ್ನ ಮಾತು ಅವನ ದನಿಯಲ್ಲಿ ಕೇಳುತ್ತಾ ತ್ರಿವೇಣಿ ಬಾಗಿಲ ಹಿಂದೆ ನಿಂತಿದ್ದಳು. 'ಇದೇನಾಯ್ತು ನನಗೆ... ಸಂಜೆಯಾದರೆ ಫೋನು ಬಿಟ್ಟು ಅಲ್ಲಾಡೋದಿಲ್ಲ ನಾನು!'

ಬರಹ ಓದಿದ ಜನ ಫೋನು ಮಾಡಿದರು. ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಬಂದರು. ರೂಮುಗಳಲ್ಲಿ ದೀಪ ಉರಿಯಿತು. ನಾಗೇಂದ್ರಪ್ಪ ಗೋಡೌನಿನ ಮಾತು ಎತ್ತುವುದನ್ನು ಬಿಟ್ಟ.

ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ ಚಿತ್ರದುರ್ಗದಿಂದ ಒಂದು ಫೋನು ಬಂತು.

"ನಿಮಗೆ ಮನುಷ್ಯತ್ವ ಇದೆಯೇನ್ರಿ?" ಆ ಕಡೆಯಿಂದ ಹೆಂಗಸೊಬ್ಬಳು ಕೂಗಾಡುತ್ತಿದ್ದಳು. "ಮಂಡಿ ನೋವಿದ್ದವರು ಮಾತಂಗ ಬೆಟ್ಟ ಸಲೀಸಾಗಿ ಹತ್ತಬಹುದು ಅಂತ ಬರೆದಿದ್ದೀರಲ್ಲ. ನಂಬಿ ಅಪ್ಪನ್ನ ಹತ್ತಿಸಿದ್ವಿ. ಅರ್ಧದಲ್ಲಿ ಬಿಸಿಲಿಗೆ ಕುಸಿದು ಕೂತರು. ಯಾರೋ ಪುಣ್ಯಾತ್ಮರು ಹೊತ್ತು ಇಳಿಸಿದರು."

ನಾನು ಹಾಗೆ ಬರೆದಿಲ್ಲ ಎಂದು ತ್ರಿವೇಣಿ ಎಷ್ಟು ಹೇಳಿದರೂ ಆಕೆ ಕೇಳಲಿಲ್ಲ. ಬರಹದ ಕೆಳಗೆ ನಿಮ್ಮದೇ ನಂಬರಿದೆ ಅಂದಳು.

ತ್ರಿವೇಣಿ ಹುಡುಕಿದಳು. ಅವಳ ಬರಹ ಈಗ ಒಂದು ಕಡೆ ಇರಲಿಲ್ಲ, ಹತ್ತಾರು ಬ್ಲಾಗುಗಳಲ್ಲಿತ್ತು. ಅದೇ ತಲೆಬರಹ, ಅವಳವೇ ಸಾಲುಗಳು. ಒಬ್ಬ ಪುಣ್ಯವಂತನಂತೂ ಕೊನೆಯ ವಿಳಾಸ, ಫೋನ್ ನಂಬರನ್ನೂ ಬಿಡದೆ ನಕಲು ಹೊಡೆದು, ಬರಹ ಉದ್ದವಾಗಲಿ ಎಂದು ತಾನು ಕಾಲಿಡದ ಬೆಟ್ಟವನ್ನೂ ಸೇರಿಸಿದ್ದ. ನಕಲು ಹೊಡೆಯಲೂ ಒಂದಿಷ್ಟು ಬುದ್ಧಿ ಬೇಕು ನೋಡಿ.

ಫೋನಿನ ಮ್ಯಾಪಿನಲ್ಲಿ ತ್ರಿವೇಣಿಯ ಮನೆಯ ಹೆಸರಿನ ಕೆಳಗೆ 'ಮೋಸ, ಯಾರೂ ಹೋಗಬೇಡಿ' ಎಂಬ ಮಾತು ಬಿತ್ತು. ಬರಬೇಕಿದ್ದವರು ಒಬ್ಬೊಬ್ಬರೇ ಬರುವುದಿಲ್ಲ ಅಂದರು. ಆ ವಾರವೇ ನಾಗೇಂದ್ರಪ್ಪ ಹಾರ್ಡ್‌ವೇರ್ ಅಂಗಡಿಯವನನ್ನು ಕರೆತಂದು ರೂಮಿನ ಅಳತೆ ತೆಗೆಸಿದ. ಚಂದ್ರಕಲಾ ಅಡುಗೆಮನೆಯಲ್ಲಿ ಮುಖ ಮರೆಸಿಕೊಂಡು ನಿಂತಿದ್ದಳು.

ಭಾನುವಾರ ತ್ರಿವೇಣಿ ಬೇಕರಿಯ ಮೆಟ್ಟಿಲು ದಡದಡ ಹತ್ತಿದಳು. ಸಿದ್ದಲಿಂಗೇಶನ ಹತ್ತಿರ ಹೇಳಿಕೊಂಡರೆ ಅವನೇ ದಾರಿ ತೋರಿಸುತ್ತಾನೆ ಎಂಬ ಒಂದೇ ಧೈರ್ಯ. ಬಾಗಿಲು ತಳ್ಳಿದವಳು ಅಲ್ಲೇ ನಿಂತುಬಿಟ್ಟಳು.

ಗೋಡೆಯ ಮೇಲೆ, ಹೊಸ ಬ್ಯಾಚಿನ ಅಷ್ಟೂ ಜನರ ಮುಂದೆ, ಅವಳ ಬ್ಲಾಗು ದೊಡ್ಡದಾಗಿ ಮೂಡಿತ್ತು. ಕೀವರ್ಡ್ ಅಂದರೆ ಹೀಗೆ ಹುಡುಕಬೇಕು ಎಂದು ಅವನು ಹೇಳುತ್ತಿದ್ದ.

"ಯಾರನ್ನ ಕೇಳಿ ತೋರಿಸಾಕತ್ತೀರಿ ಇದನ್ನ?"

ಅವನು ತಿರುಗಿ ನೋಡಿದ. ಅವಳ ಮುಖ ನೋಡಿದ ಕೂಡಲೇ ಅವನ ಮುಖದ ಖುಷಿ ಆರಿಹೋಯಿತು.

"ಯಾರನ್ನೂ ಕೇಳಿಲ್ರಿ."

"ಎಷ್ಟು ಬ್ಯಾಚಿಗೆ ತೋರಿಸೀರಿ?"

"ನಿಮ್ಮದಾದ ಮ್ಯಾಲ ಬಂದ ಎಲ್ಲಾ ಬ್ಯಾಚಿಗೂ."

ಅವಳು ಎಲ್ಲವನ್ನೂ ಹೇಳಿದಳು. ಬೆಟ್ಟದಲ್ಲಿ ಕುಸಿದ ಮುದುಕನನ್ನು, ಅಳತೆಯ ಟೇಪನ್ನು, ಅಡುಗೆಮನೆಯಲ್ಲಿ ನಿಂತ ಅವ್ವನನ್ನು. ಹೇಳುತ್ತಾ ಹೇಳುತ್ತಾ ಎದೆಯಲ್ಲಿ ಬೇರೊಂದು ಮುಳ್ಳು ಚುಚ್ಚಿತು, ಅದನ್ನೂ ಆಡಿಬಿಟ್ಟಳು.

"ದಿನಾ ಸಂಜಿಗೆ ಫೋನ್ ಮಾಡಿದ್ದು ಇದಕ್ಕೇನು? ಕ್ಲಾಸಿಗೆ ಒಂದು ಪಾಠ ಬೇಕಾಗಿತ್ತು, ನಾ ಸಿಕ್ಕೆ. ಅಷ್ಟ ಹೌದಲ್ಲ?"

ಅಲ್ಲ ಅನ್ನಬೇಕಿತ್ತು ಅವನು. ಅವಳು ಹೇಗೆ ಹುಡುಕಿದಳು ಎಂಬುದನ್ನು ಕಲಿಯಲಿ ಅಂತ ಅವನು ತೋರಿಸಿದ್ದ, ಕಲಿಯಲು ಬಂದ ಮಂದಿ ಅವಳಿಗೆ ಸಿಕ್ಕಿದ್ದನ್ನೇ ಎತ್ತಿಕೊಂಡು ಹೋಗಿದ್ದರು. ಅವಳ ಹೆಸರು ಹೇಳುವಾಗ ಹೆಮ್ಮೆಯಿಂದ ಉಬ್ಬಿ ಒಮ್ಮೆ ಅವಳನ್ನೇ ಕೇಳಬೇಕೆಂಬುದನ್ನು ಮರೆತಿದ್ದ. ಆದರೆ ಈ ಹೊತ್ತಿನಲ್ಲಿ ಪ್ರೀತಿಯ ಮಾತಾಡಿದರೆ ಅದೂ ಒಂದು ನೆಪವಾಗಿ ಕೇಳುತ್ತದೆ ಅನ್ನಿಸಿ ತಲೆ ತಗ್ಗಿಸಿದ.

"ಇನ್ನ ನನಗ ಫೋನ್ ಮಾಡಬ್ಯಾಡ್ರಿ," ಎಂದು ಅವಳು ಇಳಿದು ಹೋದಳು. ಕಮಲಾಪುರದ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಊರು ಬರುವವರೆಗೂ ಅತ್ತಳು. ಅಳು ಬಂದದ್ದಕ್ಕೂ ಅವಳಿಗೆ ಸಿಟ್ಟೇ.

ಸಿದ್ದಲಿಂಗೇಶ್ ಫೋನು ಮಾಡಲಿಲ್ಲ.

ಕೆಲವು ದಿನ ಕಳೆದು ಭರಮಮ್ಮ ಮಂಡಿ ಹಿಡಿದುಕೊಂಡು ಬಂದು ಜಗಲಿಯ ಮೇಲೆ ಕೂತಳು. ನಕಲು ಹೊಡೆದ ಅಷ್ಟೂ ಮಂದಿಯನ್ನು ಸಿದ್ದಲಿಂಗೇಶ್ ಹಂಪಿಗೆ ಎಳೆದು ತಂದು ಅಜ್ಜಿಯ ಹಿಂದೆ ನಡೆಸಿದನಂತೆ. ಬರೆದದ್ದನ್ನು ಅಳಿಸಿದ ಮೇಲೇ ಮನೆಗೆ ಬಿಟ್ಟನಂತೆ.

"ಬೆಟ್ಟದ್ದು ಬರೆದಾವನ್ನ ನಾನ ಹತ್ತಿಸಿದೆ ನೋಡವ್ವ, ಬಿಸಿಲಾಗ. ಅರ್ಧಕ್ಕ ಏದುಸಿರು ಬಿಟ್ಟ," ಎಂದು ಅಜ್ಜಿ ಸಮಾಧಾನದಿಂದ ಎಲೆಯಡಿಕೆ ಹಾಕಿಕೊಂಡಳು.

ತ್ರಿವೇಣಿಯ ತುಟಿ ಅರಳಲು ಹೋಗಿ ಮತ್ತೆ ಬಿಗಿಯಾಯಿತು. 'ಅಳಿಸಿದರೆ ಆಯ್ತೇನು? ಆ ಮುದುಕನ ಬಿಸಿಲು ಅಳಿಸುತ್ತದೇನು?'

ಮರುದಿನ ಬೆಳಗ್ಗೆ ಚಿತ್ರದುರ್ಗದ ಹೆಂಗಸಿನ ಫೋನು ಮತ್ತೆ ಬಂತು. ಈ ಸಲ ದನಿ ಮೆತ್ತಗಿತ್ತು.

"ನಿಮ್ಮ ಸರ್ ವಿಳಾಸ ಹುಡುಕಿಕೊಂಡು ಮನೆಗೇ ಬಂದಿದ್ದರಮ್ಮ. ಅಪ್ಪನ ಮುಂದೆ ನಿಂತು, ಆ ಹುಡುಗಿದು ಒಂದಕ್ಷರ ತಪ್ಪಿಲ್ಲ, ಕೇಳದೆ ಹಂಚಿದವನು ನಾನು, ಬೈಯೋದಿದ್ದರೆ ನನ್ನ ಬೈರಿ ಅಂದರು. ಅಪ್ಪ ಚೆನ್ನಾಗೇ ಬೈದರು." ಆಕೆ ನಕ್ಕಳು. ಮೋಸ ಎಂದು ಹಾಕಿದ್ದನ್ನು ತೆಗೆದಿದ್ದೇನೆ ಅಂದಳು. ನಿಮ್ಮ ನಿಜವಾದ ಬರಹವನ್ನು ಅಪ್ಪನಿಗೆ ಓದಿ ಹೇಳಿದೆ, ಬೆಟ್ಟ ಬಿಟ್ಟು ಉಳಿದದ್ದನ್ನು ನೋಡಬೇಕಂತೆ, ರೂಮು ಸಿಗುತ್ತದೆಯೇ ಎಂದು ಕೇಳಿದಳು.

ತ್ರಿವೇಣಿ ಉತ್ತರ ಕೊಡುವ ಮೊದಲೇ ಹೊರಗೆ ಟೆಂಪೊ ನಿಂತ ಸದ್ದಾಯಿತು. ನಾಗೇಂದ್ರಪ್ಪ ಕಬ್ಬಿಣದ ಪೈಪು ಇಳಿಸಲು ಆಳುಗಳನ್ನು ಕರೆತಂದಿದ್ದ. ರೂಮಿನ ಬಾಗಿಲಿಗೆ ಅಡ್ಡ ನಿಂತವಳು ತ್ರಿವೇಣಿಯಲ್ಲ, ಭಾವನ ಮುಂದೆ ಎಂದೂ ದನಿ ಎತ್ತದ ಚಂದ್ರಕಲಾ.

"ಮಂದಿ ಬರಾಕತ್ತಾರ ಭಾವಾರ. ನನ್ನ ಮಗಳು ಬರೆದಿದ್ದು ಓದಿ ಬರಾಕತ್ತಾರ. ಪೈಪು ವಾಪಸ್ ಒಯ್ರಿ."

ನಾಗೇಂದ್ರಪ್ಪ ಗದರಿಸಿದ. ಅವಳು ಕದಲಲಿಲ್ಲ. ಆಳುಗಳು ಮುಖ ಮುಖ ನೋಡಿಕೊಂಡರು. ಕೊನೆಗೆ, ಇದೊಂದು ಸೀಸನ್ನು ನೋಡುತ್ತೇನೆ ಎಂದು ಗೊಣಗುತ್ತಾ ಅವನೇ ಟೆಂಪೊ ಹತ್ತಿದ. ತ್ರಿವೇಣಿ ಅವ್ವನನ್ನು ತಬ್ಬಿಕೊಂಡಳು. 

ಶನಿವಾರ ಚಿತ್ರದುರ್ಗದ ಅಪ್ಪ ಮಗಳು ಆಟೋದಲ್ಲಿ ಬಂದಿಳಿದರು. ಮುದುಕನ ಕೈ ಹಿಡಿದು ಇಳಿಸಿದವನು ಸಿದ್ದಲಿಂಗೇಶ್. ಹೊಸಪೇಟೆ ಸ್ಟೇಷನ್ನಿನಿಂದ ಅವನೇ ಕರೆತಂದಿದ್ದ. ಅವರನ್ನು ಒಳಗೆ ಕಳಿಸಿ ತಾನು ಗೇಟಿನ ಹೊರಗೇ ನಿಂತ. ಕಣ್ಣು ಗುಳಿಬಿದ್ದಿದ್ದವು.

ತ್ರಿವೇಣಿ ಗೇಟಿನವರೆಗೆ ಬಂದಳು.

"ಒಳಗ ಕರಿ ಅಂತ ಅವ್ವ ಹೇಳ್ಯಾಳ."

"ನೀವು?"

"ನಾ ಕರದಿಲ್ಲ. ನನ್ನ ಸಿಟ್ಟು ಇಳಿದಿಲ್ಲ."

ಅವನು ತಲೆಯಾಡಿಸಿದ. "ಅವತ್ತು ಕೇಳದ ತೋರಿಸಿದೆ. ಇವತ್ತು ಒಂದು ಮಾತು ಐತಿ, ಕೇಳೇ ಹೇಳ್ತೀನಿ. ಹೇಳ್ಲೇನ್ರಿ?" ಅಂದ.

ಅವಳು ಗೇಟಿನ ಚಿಲಕದ ಮೇಲೆ ಕೈಯಿಟ್ಟಳು. "ಹೇಳ್ರಿ."

"ಮೊದಲನೇ ದಿನ ಫೋನ್ ಮಾಡಿದ್ದು ಪಾಠಕ್ಕ. ಆಮ್ಯಾಲೆ ಮಾಡಿದ್ದೆಲ್ಲ ನಿಮ್ಮ ದನಿ ಕೇಳಾಕ. ನೀವಂದ್ರ ನನಗ ಭಾಳ ಇಷ್ಟ ತ್ರಿವೇಣಿ."

ಅವಳ ಕಣ್ಣು ತುಂಬಿತು. ಒರೆಸಿಕೊಳ್ಳಲು ಹೋಗಲಿಲ್ಲ.

"ಅವತ್ತ ಇದನ್ನ ಯಾಕ ಹೇಳಲಿಲ್ಲ?"

"ಹೇಳಿದ್ರ ನಂಬ್ತಿದ್ರೇನು?"

"ಇಲ್ಲ."

"ಈಗ?"

"ಈಗ ನಂಬ್ತೀನಿ. ಆದ್ರ ಸಿಟ್ಟು ಹಂಗ ಐತಿ. ಇಳಿಯಾಕ ಭಾಳ ವರ್ಷ ಹಿಡೀಬಹುದು."

"ಹಿಡೀಲಿ. ಅಲ್ಲಿತನಕ ನಾ ಇಲ್ಲೇ ಇರ್ತೀನಿ."

"ಇಲ್ಲೇ ಅಂದ್ರ... ಗೇಟಿನ ಹೊರಗೇನು?" ತ್ರಿವೇಣಿ ಚಿಲಕ ತೆಗೆದಳು. "ಬರ್ರಿ ಒಳಗ. ಈಗ ನಾನ ಕರಿಯಾಕತ್ತೀನಿ."