ಕೊನೆಯವರು ಯಾರು?

2011ರ ಏಪ್ರಿಲ್ 20, ಬುಧವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ.

“ಕೊನೆಯವರು ಯಾರು?” ಯಾರೆಮಿ ಗೇಟಿನಲ್ಲೇ ನಿಂತು ಕೂಗಿದಳು.

“ನಾನು ಕಣೇ ಪುಟ್ಟಿ,” ಮಾವಿನ ಮರದ ಕೆಳಗಿನಿಂದ ಒಬ್ಬ ಬಸುರಿ ಹೆಂಗಸು ಕೈ ಎತ್ತಿದಳು.

“ನಿಮ್ಮ ಮುಂದೆ ಯಾರು?”

“ಅಗೋ, ಮಗೂನ ತೂಕ ಮಾಡಿಸೋಕೆ ಬಂದಿದ್ದಾರಲ್ಲ, ಅವರು.”

ಅಷ್ಟು ಗೊತ್ತಾದರೆ ಸಾಕು. ಇನ್ನು ಸಾಲಿನಲ್ಲಿ ನಿಲ್ಲಬೇಕಾಗಿಲ್ಲ. ನೆರಳಿನಲ್ಲಿ ಕೂರಬಹುದು, ಬ್ರೆಡ್ ತರಲು ಹೋಗಬಹುದು, ಹರಟೆ ಹೊಡೆಯಬಹುದು. ನಮ್ಮ ಮುಂದೆ ಯಾರು, ಹಿಂದೆ ಯಾರು ಎಂಬುದು ನೆನಪಿದ್ದರೆ ಆಯಿತು. ಸಾಂತಿಯಾಗೋದ ಈ ಗುಡ್ಡದ ಬೀದಿಯಲ್ಲಿ ಯಾವ ಸಾಲಾದರೂ ನಡೆಯುವುದು ಹೀಗೆಯೇ.

ಈ ಕೆಲಸದಲ್ಲಿ ಹತ್ತು ವರ್ಷದ ಯಾರೆಮಿಯನ್ನು ಮೀರಿಸುವವರಿಲ್ಲ. ಶಾಲೆಗೆ ರಜೆ ಇದ್ದಾಗಲೆಲ್ಲ ಅವಳು ಮೆಟ್ಟಿಲು ಹತ್ತಿ ಮೊದಲು ಕ್ಲಿನಿಕ್ಕಿಗೆ ಬಂದು ಜಾಗ ಹಿಡಿಯುತ್ತಾಳೆ. ಎನೇಯ್ದಾ ಅಜ್ಜಿ ಕೆಳಗೇ ಉಳಿಯುತ್ತಾಳೆ. ಸರದಿ ಹತ್ತಿರ ಬಂದಾಗ ಯಾರೆಮಿ ಓಡಿಹೋಗಿ ಅಜ್ಜಿಯನ್ನು ಕರೆತರುತ್ತಾಳೆ. ಒಂದು ನಿಮಿಷವೂ ಕಾಯುವಂತಿಲ್ಲ, ಒಂದು ನಿಮಿಷವೂ ತಡವಾಗುವಂತಿಲ್ಲ.

“ನನ್ನ ಮೊಮ್ಮಗಳು ಗಡಿಯಾರಕ್ಕಿಂತ ಗಟ್ಟಿ,” ಎಂದು ಅಜ್ಜಿ ಎಲ್ಲರ ಹತ್ತಿರವೂ ಹೇಳಿಕೊಳ್ಳುತ್ತಿದ್ದಳು.

ಕ್ಲಿನಿಕ್ ಎಂದರೆ ಎರಡು ಅಂತಸ್ತಿನ ಚಿಕ್ಕ ಕಟ್ಟಡ. ಕೆಳಗೆ ರೋಗಿಗಳು, ಮೇಲೆ ಡಾಕ್ಟರ್ ಮಾಯ್ದೆಲಿನ್ ಅವರ ಮನೆ. ಬಾಲ್ಕನಿಯ ಹಗ್ಗದ ಮೇಲೆ ಅವರ ಬಿಳಿ ಕೋಟು, ಪಕ್ಕದಲ್ಲಿ ಅವರ ಮಗನ ಚಡ್ಡಿ ಒಣಗುತ್ತಿದ್ದವು. ಬಾಗಿಲ ಬಳಿಯ ಬೆಂಚಿನಲ್ಲಿ ಯಾರೆಮಿಯ ಕ್ಲಾಸಿನ ಓಸ್ಮೆಲ್ ಕಾಲು ಚಾಚಿ ಕೂತಿದ್ದ. ಬರಿಗಾಲಿನಲ್ಲಿ ಬೇಸ್‌ಬಾಲ್ ಆಡುತ್ತ ಗಾಜು ತುಳಿದಿದ್ದ. ದಿನಾ ಬ್ಯಾಂಡೇಜ್ ಬದಲಾಯಿಸಬೇಕಿತ್ತು.

“ಏನೇ, ಇವತ್ತೂ ನಿಮ್ಮಜ್ಜಿಗೆ ಬಿ.ಪಿ. ನೋಡ್ತಾರಾ?” ಓಸ್ಮೆಲ್ ಕೇಳಿದ.

“ಹೂಂ.”

“ಹೋದ ವಾರ ಜಾಸ್ತಿ ಇತ್ತಂತೆ. ನಮ್ಮಜ್ಜಿ ಆಗಲೇ ರಿಬ್ಬನ್ ಇಸ್ತ್ರಿ ಮಾಡಿ ಇಟ್ಟಿದಾರೆ.”

“ಸುಮ್ನಿರೋ, ಕುಂಟು ಕೋಳಿ!”

ಹಾಗೆಂದಳೇ ಹೊರತು ಯಾರೆಮಿಗೂ ಅದೇ ಚಿಂತೆ. ಶನಿವಾರ ದೊಡ್ಡ ಚೌಕದಲ್ಲಿ ಎಲ್ಲ ಬಡಾವಣೆಗಳ ಅಜ್ಜ-ಅಜ್ಜಿಯರ ಬಳಗಗಳು ವ್ಯಾಯಾಮ ಮಾಡಿ ತೋರಿಸುವ ದಿನ. ಕೆಂಪು ರಿಬ್ಬನ್ನಿನ ಕೋಲು ಹಿಡಿದು ಮುಂದೆ ನಿಲ್ಲುವುದು ಎನೇಯ್ದಾ ಅಜ್ಜಿ. ಅವಳು ಎಡಕ್ಕೆ ಬಾಗಿದರೆ ಇಡೀ ಬಳಗ ಎಡಕ್ಕೆ. ಹೊಲಿಗೆ ಕಾರ್ಖಾನೆಯ ಕೆಲಸ ಮುಗಿದ ಮೇಲೆ ಅಜ್ಜಿ ಕೆಲವು ತಿಂಗಳು ಕಿಟಕಿಯ ಬಳಿ ಸುಮ್ಮನೆ ಕೂತಿರುತ್ತಿದ್ದಳು. ಆಮೇಲೆ ಡಾಕ್ಟರೇ ಅವಳನ್ನು ಬಳಗಕ್ಕೆ ಸೇರಿಸಿದರು. ಈಗ ಬೆಳಗಾದರೆ ಸಾಕು, ಶೂ ಹಾಕಿಕೊಂಡು ಹೊರಡುತ್ತಾಳೆ.

ಆದರೆ ಬಿ.ಪಿ. ನೂರೈವತ್ತು ದಾಟಿದವರು ಶನಿವಾರ ಕುರ್ಚಿಯಲ್ಲಿ ಕೂತು ನೋಡಬೇಕು. ಅದು ಡಾಕ್ಟರ್ ಮಾಡಿದ ನಿಯಮ. ಆಗ ಮುಂದೆ ನಿಲ್ಲುವ ಸರದಿ ಓಸ್ಮೆಲ್‌ನ ಅಜ್ಜಿಯದು.

ಬಸುರಿ ಹೆಂಗಸು ಒಳಗೆ ಹೋದದ್ದೇ ತಡ, ಯಾರೆಮಿ ಮೆಟ್ಟಿಲಿಳಿದು ಓಡಿದಳು. ಅಜ್ಜಿ ಎಂದಿನಂತೆ ಬೀದಿಯ ಕೊನೆಯಲ್ಲಿ, ಎವೆಲಿಯೋ ತಾತನ ಬಾಗಿಲಲ್ಲಿ, ಪುಟ್ಟ ಕಪ್ಪು ಹಿಡಿದು ನಗುತ್ತಿದ್ದಳು. ಅಷ್ಟರಲ್ಲಾಗಲೇ ಪಕ್ಕದ ಮನೆ, ಎದುರು ಮನೆ, ನೀಲಿ ಬಾಗಿಲಿನ ಮನೆ ಎಲ್ಲ ಕಡೆ ಒಂದೊಂದು ಕಪ್ಪು ಕಾಫಿ ಮುಗಿದಿತ್ತು.

“ಅಜ್ಜೀ! ಸರದಿ ಬಂತು! ಓಡು!”

“ಬಂದೆ, ಬಂದೆ! ಎವೆಲಿಯೋ, ನಿಮ್ಮ ಕಾಫಿ ಕುಡಿದ್ರೆ ಸತ್ತೋರೂ ಎದ್ದು ಕೂರ್ತಾರೆ!”

ಯಾರೆಮಿ ಕೈ ಹಿಡಿದು ಎಳೆದಳು. ಅಜ್ಜಿ ಏದುಸಿರು ಬಿಡುತ್ತ, ಎದುರಾದವರನ್ನೆಲ್ಲ ಮಾತಾಡಿಸುತ್ತ ಗುಡ್ಡ ಹತ್ತಿದಳು. ನರ್ಸ್ ಒದಾಲಿಸ್ ಹೆಸರು ಕೂಗುವುದಕ್ಕೂ ಅವರು ಬಾಗಿಲು ದಾಟುವುದಕ್ಕೂ ಸರಿಹೋಯಿತು.

“ನೋಡಿದ್ಯಾ ಟೈಮಿಂಗು?” ಯಾರೆಮಿ ಓಸ್ಮೆಲ್‌ನತ್ತ ತಿರುಗಿ ಹುಬ್ಬು ಹಾರಿಸಿದಳು.

ಒದಾಲಿಸ್ ಅಜ್ಜಿಯ ತೋಳಿಗೆ ಪಟ್ಟಿ ಸುತ್ತಿದಳು.

“ಕಾಫಿ ಕುಡಿದ್ರಾ, ಎನೇಯ್ದಾ?”

“ಮನೇಲಿ ಒಂದೇ ಒಂದು ಕಪ್ಪು ಕಣಮ್ಮ, ದೇವರಾಣೆ!”

ಗಾಳಿ ತುಂಬಿತು, ಬಿಟ್ಟಿತು. ಒದಾಲಿಸ್ ತುಟಿ ಕಚ್ಚಿಕೊಂಡಳು.

“ನೂರ ಅರವತ್ತೆರಡು, ತೊಂಬತ್ತೇಳು.”

ಡಾಕ್ಟರ್ ಮಾಯ್ದೆಲಿನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಮಾತ್ರೆ ತಪ್ಪಿಸ್ತಾ ಇಲ್ಲ ತಾನೇ? ಉಪ್ಪು?”

“ಇಲ್ಲ ತಾಯಿ. ಹುರುಳಿಕಾಳಿನ ಸಾರು ತಿಂದ್ರೆ ಸಮುದ್ರ ಉಪ್ಪು ಅನ್ನೋದೇ ಮರೆತುಹೋಗುತ್ತೆ, ಅಷ್ಟು ಸಪ್ಪೆ.”

“ಶುಕ್ರವಾರ ಇನ್ನೊಂದು ಸಲ ನೋಡೋಣ. ಆಗಲೂ ಹೀಗೇ ಇದ್ರೆ ಮಾತ್ರೆ ಜಾಸ್ತಿ ಮಾಡ್ತೀನಿ. ಶನಿವಾರ ಕುರ್ಚಿ.”

“ಕುರ್ಚಿಯಾ? ಆ ನಿಲ್ದಾಗೆ ಎಡ ಯಾವುದು ಬಲ ಯಾವುದು ಗೊತ್ತಿಲ್ಲ! ಅವಳ ಹಿಂದೆ ಹೋದ್ರೆ ನಮ್ಮ ಬಳಗ ಸೀದಾ ಬಂದರಿಗೆ ಹೋಗಿ ನಿಲ್ಲುತ್ತೆ!”

ಹೊರಗೆ ಬೆಂಚಿನಲ್ಲಿದ್ದ ಓಸ್ಮೆಲ್‌ಗೆ ಅದು ಕೇಳಿಸಿತು. ನಿಲ್ದಾ ಅವನ ಅಜ್ಜಿ. ಅವನು ಏನೋ ಹೇಳಲು ಬಾಯಿ ತೆರೆದ. ಬಾಗಿಲಿನಿಂದ ಯಾರೆಮಿಯ ಮುಖ ಕಂಡು, ಬಗ್ಗಿ ತನ್ನ ಬ್ಯಾಂಡೇಜ್ ನೋಡಿಕೊಂಡ.

ಮನೆಗೆ ಬಂದ ಮೇಲೆ ಅಜ್ಜಿ ಕೆಂಪು ರಿಬ್ಬನ್ನಿನ ಕೋಲನ್ನು ಬಾಗಿಲ ಮೂಲೆಯಿಂದ ತೆಗೆದು ಕಪಾಟಿನ ಹಿಂದೆ ಇಟ್ಟಳು. ಆಮೇಲೆ ಕಿಟಕಿಯ ಬಳಿ ಕೂತಳು. ಯಾರೆಮಿಗೆ ಆ ಕಿಟಕಿಯನ್ನು ಕಂಡರೇ ಆಗುತ್ತಿರಲಿಲ್ಲ.

ಗುರುವಾರ ಮಧ್ಯಾಹ್ನ ಅಜ್ಜಿ ಚಕ್ಕೆ ಹಾಕಿದ ಹಾಲು-ಅನ್ನದ ಪಾಯಸ ಮಾಡಿ, ಒಂದು ಬಟ್ಟಲನ್ನು ಎವೆಲಿಯೋ ತಾತನಿಗೆ ಕೊಟ್ಟು ಬಾ ಎಂದು ಯಾರೆಮಿಯನ್ನು ಕಳಿಸಿದಳು. ತಾತನ ಹೆಂಡತಿ ತೀರಿಹೋಗಿ ಒಂದು ವರ್ಷವಾಗಿತ್ತು. ಅವರು ಒಬ್ಬರೇ ಇದ್ದರು.

ಡಾಕ್ಟರ್ ಅಲ್ಲಿಗೆ ಬಂದಿದ್ದರು. ಮಧ್ಯಾಹ್ನದ ಹೊತ್ತು ಅವರು ಮನೆಮನೆಗೆ ಹೋಗಿ ನೋಡುತ್ತಾರೆ. ತಾತನ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು, “ಉಸಿರು ಎಳ್ಕೊಳ್ಳಿ... ಬಿಡಿ,” ಎನ್ನುತ್ತಿದ್ದರು.

“ಎದೆ ಪರವಾಗಿಲ್ಲ. ಆದ್ರೆ ನೀವು ಮನೆಯಿಂದ ಹೊರಗೇ ಬರಲ್ವಂತೆ?”

“ಎಲ್ಲಿಗೆ ಬರ್ಲಿ ಡಾಕ್ಟ್ರೇ? ಮೊದಲು ಕಾಫಿ ತಗೊಳ್ಳಿ.”

ಡಾಕ್ಟರ್ ಒಂದೇ ಗುಟುಕು ಕುಡಿದು ಕಪ್ಪು ಕೆಳಗಿಟ್ಟರು.

“ಅಷ್ಟೇನಾ? ಎನೇಯ್ದಾ ನೋಡಿ, ಒಂದು ಹನಿ ಬಿಡಲ್ಲ!”

“ನನಗೆ ಇನ್ನೂ ಎಷ್ಟೋ ಮನೆ ಬಾಕಿ ಇದೆ ತಾತ. ಎಲ್ಲ ಕಡೆ ಪೂರ್ತಿ ಕುಡಿದ್ರೆ ನನ್ನ ಬಿ.ಪಿ.ನೇ ಯಾರಾದ್ರೂ ನೋಡ್ಬೇಕಾಗುತ್ತೆ.”

ಯಾರೆಮಿ ಬಟ್ಟಲು ಹಿಡಿದೇ ನಿಂತಿದ್ದಳು.

“ಡಾಕ್ಟ್ರೇ,” ಎಂದಳು, “ನನ್ನ ಎದೆ ಸದ್ದು ನಾನೇ ಕೇಳ್ಬಹುದಾ?”

“ಬಾ.” ಡಾಕ್ಟರ್ ಸ್ಟೆತಸ್ಕೋಪನ್ನು ಅವಳ ಕಿವಿಗೆ ಸಿಕ್ಕಿಸಿ ಎದೆಯ ಮೇಲೆ ಇಟ್ಟರು. ಲಬ್... ಡಬ್... ಲಬ್... ಡಬ್... ಯಾರೋ ದೂರದಲ್ಲಿ ನಿಧಾನವಾಗಿ ಬಾಗಿಲು ತಟ್ಟಿದ ಹಾಗೆ.

“ಈಗ ಮೇಲಿನ ದೀಪದ ಕಂಬದ ತನಕ ಓಡಿ ಬಾ. ತಮಾಷೆ ನೋಡು.”

ಯಾರೆಮಿ ಓಡಿ ಬಂದಳು. ಈಗ ಬಾಗಿಲು ತಟ್ಟುತ್ತಿರಲಿಲ್ಲ, ಡೋಲು ಬಡಿಯುತ್ತಿತ್ತು! ತಾತನಿಗೂ ಕೇಳಿಸುತ್ತದೇನೋ ಎನ್ನುವಷ್ಟು ಜೋರು. ಅವಳು ನಕ್ಕಳು. ಸ್ಟೂಲಿನ ಮೇಲೆ ಕೂತು ಅದು ಮೆತ್ತಗಾಗುವುದನ್ನು ಕೇಳತೊಡಗಿದಳು. ಅದಕ್ಕೆ ಅವಳು ಅಂದುಕೊಂಡಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

“ನನ್ನ ಕಾಲು ನೋಯ್ತಾನೇ ಇಲ್ಲ. ಇದು ಯಾಕೆ ಇನ್ನೂ ಬಡ್ಕೊಳ್ತಿದೆ?”

“ಓಡಿದ್ದನ್ನ ಕಾಲು ಬೇಗ ಮರೆಯುತ್ತೆ, ಎದೆ ಮರೆಯಲ್ಲ. ವಯಸ್ಸಾದಷ್ಟೂ ನಿಧಾನ. ಯಾಕೆ ಕೇಳ್ತಿದೀಯ?”

“ಸುಮ್ನೆ.”

ಸುಮ್ಮನೆ ಅಲ್ಲ. ಅವಳ ಕಣ್ಣ ಮುಂದೆ ತನ್ನದೇ ಕೈ ಬಂತು. ಆ ಕೈ ಅಜ್ಜಿಯ ಕೈ ಹಿಡಿದು ಮೆಟ್ಟಿಲ ಮೇಲೆ ಎಳೆಯುತ್ತಿತ್ತು. ಹೋದ ವಾರವೂ ಎಳೆದಿತ್ತು. ಓಸ್ಮೆಲ್‌ಗೆ ಹುಬ್ಬು ಹಾರಿಸಿದ್ದೂ ನೆನಪಾಯಿತು. ಕೆನ್ನೆ ಬಿಸಿಯಾಯಿತು.

ಡಾಕ್ಟರ್ ಮುಂದಿನ ಮನೆಗೆ ಹೋದ ಮೇಲೆ ಯಾರೆಮಿ ಪಾಯಸದ ಬಟ್ಟಲನ್ನು ಕೊನೆಗೂ ಮೇಜಿನ ಮೇಲಿಟ್ಟಳು.

“ತಾತಾ, ನಾಳೆ ಅಜ್ಜಿಗೆ ಕಾಫಿ ಕೊಡ್ಬೇಡಿ.”

ತಾತನ ಮುಖ ಸಣ್ಣದಾಯಿತು. “ಯಾಕಮ್ಮ? ನಾಳೆ ನಮ್ಮನೆಗೆ ಬರಲ್ವಾ?”

ಯಾರೆಮಿ ಒಳಗೆ ಕಣ್ಣಾಡಿಸಿದಳು. ಒಲೆಯ ಪಕ್ಕ ಬೋರಲಾಗಿ ಎರಡು ಪುಟ್ಟ ಕಪ್ಪುಗಳಿದ್ದವು. ಒಂದು ತಾತನದು. ಇನ್ನೊಂದನ್ನು ಅಜ್ಜಿಯ ಕೈಯಲ್ಲಿ ಅವಳು ಎಷ್ಟೋ ಸಲ ನೋಡಿದ್ದಳು.

“ಕೊಡಿ. ಆದ್ರೆ ಆಮೇಲೆ ಕೊಡಿ,” ಎಂದಳು. “ಬಿ.ಪಿ. ನೋಡಿದ ಮೇಲೆ. ನೀವೇ ಅಲ್ಲಿಗೆ ತಗೊಂಡು ಬನ್ನಿ.”

“ಆ ಗುಡ್ಡ ಹತ್ತಿ?”

“ನಿಧಾನಕ್ಕೆ ಬನ್ನಿ.”

ಮನೆಯಲ್ಲಿ ಅಜ್ಜಿ ಕಿಟಕಿಯ ಬಳಿ ಅಕ್ಕಿ ಆರಿಸುತ್ತಿದ್ದಳು. ಯಾರೆಮಿ ಅವಳ ಮುಂದೆ ಕೂತು, ತಟ್ಟೆಯಲ್ಲಿ ಕಲ್ಲು ಹುಡುಕುತ್ತ, ಎಲ್ಲವನ್ನೂ ಹೇಳಿದಳು. ಡೋಲಿನ ಸದ್ದಿನ ವಿಷಯ. ಕೈ ಎಳೆದ ವಿಷಯ.

“ಮತ್ತೆ ಕಾಫಿನೂ ಅಜ್ಜಿ. ನೀನು ನರ್ಸ್‌ಗೆ ಸುಳ್ಳು ಹೇಳ್ದೆ.”

“ಯಾವ ಸುಳ್ಳು? ಮನೇಲಿ ಒಂದೇ ಕಪ್ಪು ಕುಡಿದಿದ್ದು.”

“ಬೇರೆಯವರ ಮನೇಲಿ?”

“ಅದು ಕಾಫಿ ಅಲ್ಲ ಕಣೇ, ಮರ್ಯಾದೆ!” ಅಜ್ಜಿ ಹಾಗೆಂದು, ಸ್ವಲ್ಪ ಯೋಚಿಸಿ, ತಾನೇ ನಕ್ಕುಬಿಟ್ಟಳು. ನಗು ನಿಂತ ಮೇಲೆ ಯಾರೆಮಿಯ ಗಲ್ಲ ಹಿಡಿದು ಎತ್ತಿದಳು. “ಎಳೆದ ಕೈ ನಿಂದಿರ್ಬಹುದು. ಕುಡಿದ ಬಾಯಿ ನಂದು. ಸಮ ಸಮ ಹಂಚ್ಕೊಳ್ಳೋಣ, ಅಳ್ಬೇಡ.”

“ನಾನೇನು ಅಳ್ತಿಲ್ಲ. ಅಕ್ಕಿ ಧೂಳು.”

ಶುಕ್ರವಾರ ಇಬ್ಬರೂ ಒಟ್ಟಿಗೆ ಹೊರಟರು. ಬಾಗಿಲುಗಳೆಲ್ಲ ಎಂದಿನಂತೆ ತೆರೆದಿದ್ದವು.

“ಎನೇಯ್ದಾ! ಕಾಫಿ ಈಗಷ್ಟೇ ಇಳಿಸ್ದೆ!”

“ಬರುವಾಗ ಕುಡೀತೀವಿ!” ಯಾರೆಮಿಯೇ ಉತ್ತರ ಕೊಟ್ಟಳು.

“ಜನ ಏನಂದ್ಕೊಳ್ತಾರೋ,” ಅಜ್ಜಿ ಗೊಣಗಿದಳು. ದೀಪದ ಕಂಬದ ಹತ್ತಿರ ಯಾರೆಮಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳಲು ನಿಂತಳು. ಪಟ್ಟಿಗೆ ಏನೂ ಆಗಿರಲಿಲ್ಲ. ಅಜ್ಜಿಯ ಉಸಿರು ಸರಿಹೋಗುವ ತನಕ ಅವಳು ಅದನ್ನು ಸರಿಮಾಡುತ್ತಲೇ ಇದ್ದಳು.

ಆದರೆ ಕ್ಲಿನಿಕ್ಕಿನಲ್ಲಿ ಅವಳ ಲೆಕ್ಕ ತಪ್ಪಿತು. ಸಾಲಿನಲ್ಲಿ ಕೂತು ಅಜ್ಜಿ ಸುಧಾರಿಸಿಕೊಳ್ಳಲಿ ಎಂದುಕೊಂಡಿದ್ದರೆ, ಅವತ್ತು ಜನವೇ ಇರಲಿಲ್ಲ. ಅಜ್ಜಿ ಮಾವಿನ ಮರದ ಕೆಳಗೆ ಕೂರುತ್ತಿದ್ದಂತೆಯೇ ಒದಾಲಿಸ್ ಬಾಗಿಲಿಗೆ ಬಂದಳು.

“ಮುಂದಿನವರು! ಎನೇಯ್ದಾ, ಬನ್ನಿ.”

ಆಗಲೇ ಓಸ್ಮೆಲ್ ಗೇಟಿನಿಂದ ಕುಂಟುತ್ತ ಬಂದ. “ಕೊನೆಯವರು ಯಾರು?”

“ನಾವು,” ಎಂದಳು ಯಾರೆಮಿ. “ನೀನು ಮೊದಲು ಹೋಗು.”

ಓಸ್ಮೆಲ್ ಅವಳನ್ನೇ ದಿಟ್ಟಿಸಿದ. ಸಾಲಿನಲ್ಲಿ ಒಂದು ಹೆಜ್ಜೆ ಜಾಗವನ್ನೂ ಯಾರೆಮಿ ಯಾರಿಗೂ ಬಿಟ್ಟವಳಲ್ಲ.

“ಯಾಕೆ? ಒಳಗೆ ಇಂಜೆಕ್ಷನ್ ಕೊಡ್ತಿದಾರಾ?”

“ಇಲ್ಲಪ್ಪಾ. ಹೋಗು ಅಂದ್ರೆ ಹೋಗೋ.”

ಅವನು ಅನುಮಾನದಿಂದಲೇ ಒಳಗೆ ಹೋದ. ಅಷ್ಟರಲ್ಲಿ ಲಸಿಕೆ ಹಾಕಿಸಲು ಅವಳಿ ಮಕ್ಕಳನ್ನು ಎತ್ತಿಕೊಂಡು ಒಬ್ಬ ಅಪ್ಪ ಬಂದ. ಯಾರೆಮಿ ಅವನಿಗೂ ಜಾಗ ಬಿಟ್ಟಳು. ಒಳಗಿನಿಂದ ಒಂದು ಮಗು ಅತ್ತಿತು. ಆಮೇಲೆ ಇನ್ನೊಂದು. ಮಾವಿನ ಎಲೆಗಳ ನೆರಳು ಅಜ್ಜಿಯ ಮಡಿಲಿನ ಮೇಲೆ ಆಡುತ್ತಿತ್ತು. ಮಾತಾಡಬಾರದು ಎಂದು ಯಾರೆಮಿ ಹೇಳಿದ್ದರಿಂದ ಅಜ್ಜಿ ತುಟಿ ಬಿಗಿದುಕೊಂಡು ಕೂತಿದ್ದಳು. ಅವಳ ಪಾಲಿಗೆ ಅದು ಗುಡ್ಡ ಹತ್ತುವುದಕ್ಕಿಂತ ಕಷ್ಟದ ಕೆಲಸ.

ಹೊರಗೆ ಬಂದ ಓಸ್ಮೆಲ್ ಕೂಡಲೇ ಮನೆಗೆ ಹೋಗಲಿಲ್ಲ. ಬೆಂಚಿನ ತುದಿಯಲ್ಲಿ ಕೂತ.

“ನಿಜ ಹೇಳ್ಬೇಕಂದ್ರೆ,” ಎಂದು ಮೆಲ್ಲಗೆ ಹೇಳಿದ, “ನಮ್ಮಜ್ಜಿಗೆ ಎಡ-ಬಲ ಗೊತ್ತಾಗಲ್ಲ.”

ಯಾರೆಮಿ ನಗು ತಡೆದುಕೊಂಡಳು. ಅಜ್ಜಿಯೂ ತಡೆದುಕೊಂಡಳು.

ಗೇಟಿನ ಬಳಿ ಯಾರೋ ಕೆಮ್ಮಿದರು. ಎವೆಲಿಯೋ ತಾತ! ಇಸ್ತ್ರಿ ಮಾಡಿದ ಅಂಗಿ, ತಲೆಯ ಮೇಲೆ ಹುಲ್ಲಿನ ಟೋಪಿ, ಕಂಕುಳಲ್ಲಿ ಥರ್ಮಾಸ್. ತಾತ ಒಂದು ಕೈಯಲ್ಲಿ ಗೇಟು ಹಿಡಿದುಕೊಂಡು ಎಲ್ಲರನ್ನೂ ನೋಡಿದರು. ಎಷ್ಟೋ ದಿನದ ಮೇಲೆ ಜನರ ನಡುವೆ ಬಂದವರ ಹಾಗೆ, ಸ್ವಲ್ಪ ನಾಚಿಕೊಂಡು ಕೇಳಿದರು:

“ಕೊನೆಯವರು ಯಾರು?”

“ನಾವೇ ತಾತ,” ಯಾರೆಮಿ ಸರಿದು ಜಾಗ ಮಾಡಿಕೊಟ್ಟಳು. “ಬನ್ನಿ, ಕೂತ್ಕೊಳ್ಳಿ.”

ತಾತ ಅಜ್ಜಿಯ ಪಕ್ಕ ಕೂತರು. ಅಜ್ಜಿ ಥರ್ಮಾಸನ್ನು ಆಸೆಯಿಂದ ನೋಡಿದಳು, ಯಾರೆಮಿಯನ್ನು ನೋಡಿದಳು, ಮತ್ತೆ ಮಾವಿನ ಮರವನ್ನು ನೋಡಿದಳು.

ಒದಾಲಿಸ್ ಬಂದು ಕರೆದಾಗ ಯಾರೆಮಿ ಅಜ್ಜಿಯ ಕೈ ಹಿಡಿದಳು. ಎಳೆಯಲಿಲ್ಲ. ಅಜ್ಜಿ ಎದ್ದ ಮೇಲೆ ತಾನೂ ಎದ್ದಳು, ಅಜ್ಜಿ ಹೆಜ್ಜೆ ಇಟ್ಟ ಮೇಲೆ ತಾನೂ ಇಟ್ಟಳು.

ಪಟ್ಟಿ ಸುತ್ತಿದ್ದಾಯಿತು. ಗಾಳಿ ತುಂಬಿತು, ನಿಧಾನವಾಗಿ ಬಿಟ್ಟಿತು. ಡಾಕ್ಟರ್ ಮೇಜಿನ ಆಚೆಯಿಂದ ತಲೆ ಎತ್ತಿದರು. ಬಾಗಿಲಲ್ಲಿ ಓಸ್ಮೆಲ್ ಒಂಟಿ ಕಾಲಿನಲ್ಲಿ ನಿಂತಿದ್ದ.

ಒದಾಲಿಸ್ ಕಿವಿಯಿಂದ ಸ್ಟೆತಸ್ಕೋಪ್ ತೆಗೆದು, ಎಲ್ಲರಿಗೂ ಕೇಳುವಂತೆ ಓದಿದಳು.

“ನೂರ ಮೂವತ್ತೆಂಟು, ಎಂಬತ್ತನಾಲ್ಕು.”