ವಾಲ್ವ್ ಮುಚ್ಚಿದವಳು

ಫೋನಿನಲ್ಲಿ ಅವನು ಸುಳ್ಳು ಹೇಳಿದ್ದು ಅವಳಿಗೆ ತಕ್ಷಣ ಗೊತ್ತಾಯಿತು.

"ಪ್ರೆಶರ್ ಸರಿಯಾಗಿದೆ, ಮೇಡಂ."

ಅವಳ ಕಣ್ಣೆದುರಿನ ಮೀಟರಿನಲ್ಲಿ ಮುಳ್ಳು ಇಳಿಯುತ್ತಲೇ ಇತ್ತು.

ಅಣುಸ್ಥಾವರಗಳು ಇನ್ನೂ ಅಂಬೆಗಾಲಿಡುತ್ತಿದ್ದ ಕಾಲ ಅದು. ಕರೆಂಟ್ ಉತ್ಪಾದಿಸಿದ ಮೇಲೆ ಉಳಿಯುವ ಬಿಸಿಯನ್ನು ಸುಮ್ಮನೆ ನದಿಗೆ ಚೆಲ್ಲುವ ಬದಲು ಊರಿನ ಮನೆಗಳನ್ನು ಬೆಚ್ಚಗಿಡಲು ಕಳಿಸತೊಡಗಿದ ಮೊದಲ ಚಳಿಗಾಲ. ಸ್ಥಾವರದ ಕಡೆ ಇಂಜಿನಿಯರ್ ಅವಳು, ಊರಿನ ಕಡೆ ಪಂಪ್‌ಹೌಸ್ ನೋಡಿಕೊಳ್ಳುವವನು ಅವನು. ನಡುವೆ ಉದ್ದನೆಯ ಪೈಪು, ಒಂದು ಫೋನು. ಮುಖ ನೋಡದೆಯೇ ಇಬ್ಬರೂ ಒಬ್ಬರನ್ನೊಬ್ಬರು ಹಚ್ಚಿಕೊಂಡಿದ್ದರು. ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಇಬ್ಬರಿಗೂ ಇರಲಿಲ್ಲ.

ಊರಿನ ನೀರಿನ ಒತ್ತಡ ಯಾವಾಗಲೂ ಸ್ಥಾವರದ ನೀರಿಗಿಂತ ಹೆಚ್ಚಿರಬೇಕು ಎಂಬುದು ನಿಯಮ. ಆಗ ಬಿಸಿಯನ್ನಷ್ಟೇ ದಾಟಿಸುವ ನಡುವಿನ ಲೋಹದ ಗೋಡೆಗೆ ತೂತು ಬಿದ್ದರೂ ಊರಿನ ನೀರು ಒಳಕ್ಕೆ ಬರುತ್ತದೆಯೇ ಹೊರತು ವಿಕಿರಣ ಸೋಕಿರಬಹುದಾದ ಸ್ಥಾವರದ ನೀರು ಮನೆಗಳ ಕಡೆ ಹೋಗುವುದಿಲ್ಲ.

"ನಿಜ ಹೇಳಿ," ಎಂದಳು.

"ಪೈಪ್ ಒಡೆದಿದೆ. ರಿಪೇರಿ ಮಾಡ್ತಾ ಇದೀವಿ. ಬಿಸಿನೀರಿನ ವಾಲ್ವ್ ಮುಚ್ಬೇಡಿ, ದಮ್ಮಯ್ಯ. ಅಕ್ಕ ಮೊನ್ನೆ ತಾನೇ ಹೆತ್ತಿದ್ದಾಳೆ. ಮನೆ ತಣ್ಣಗಾದ್ರೆ ಮಗು..."

"ಮಗುಗೋಸ್ಕರಾನೇ ಮುಚ್ತಿದೀನಿ," ಎಂದವಳೇ ಫೋನಿಟ್ಟು ವಾಲ್ವಿನ ಚಕ್ರ ತಿರುಗಿಸಿದಳು.

ಮಧ್ಯಾಹ್ನ ಮತ್ತೆ ಫೋನ್. "ಸರಿಹೋಯ್ತು."

ವಾಲ್ವ್ ಮುಚ್ಚಿದ ಮೇಲೆ ಊರಿನ ಒತ್ತಡ ಅವಳ ಮೀಟರಿಗೆ ಕಾಣದು, ಅವನ ಮಾತೇ ಗತಿ. ಆ ಮಾತನ್ನು ನಂಬುವುದು ಹೇಗೆ? ಜೊತೆಯವರಿಗೆ ಕೆಲಸ ಒಪ್ಪಿಸಿ ಜೀಪ್ ಹತ್ತಿದಳು.

ಪಂಪ್‌ಹೌಸಿನಲ್ಲಿ ಮೊಣಕೈವರೆಗೂ ಕೆಸರಾಗಿದ್ದ ಒಬ್ಬ ದಡಬಡಿಸಿ ಎದ್ದ. ಚಳಿಗೆ ಅವನ ಕಿವಿ ಕೆಂಪಾಗಿತ್ತು. ಅವಳು ಮೊದಲು ಮೀಟರ್ ನೋಡಿದಳು. ಮುಳ್ಳು ಮೇಲೇರಿ ನಿಂತಿತ್ತು. ಆಮೇಲೆ ಅವನನ್ನು ನೋಡಿದಳು, ನೋಡುತ್ತಲೇ ಉಳಿದಳು.

"ಮಗು?"

"ಅಕ್ಕ ಎದೆಗವಚಿಕೊಂಡು ಕೂತಿದ್ದಾಳೆ. ಹುಷಾರಾಗಿದೆ."

ಸ್ಥಾವರಕ್ಕೆ ಫೋನ್ ಮಾಡಿ, "ವಾಲ್ವ್ ತೆಗೀರಿ," ಎಂದಳು. ಪೈಪು ಗುಡುಗುಡು ಎಂದಿತು.

"ಇನ್ಮೇಲೆ ನನ್ನ ಮಾತು ನಂಬ್ತೀರಾ?" ಅವನು ಮೆಲ್ಲಗೆ ಕೇಳಿದ.

"ಇಲ್ಲ."

ಅವನ ಮುಖ ಸಪ್ಪಗಾಯಿತು.

"ಬೇರೆಯವರು ಸುಳ್ಳು ಹೇಳಿದ್ರೆ ರಿಪೋರ್ಟ್ ಕೊಟ್ಟು ಸುಮ್ನಾಗ್ತಿದ್ದೆ. ನೀವು ಹೇಳಿದ್ದಕ್ಕೆ ದಾರಿಯುದ್ದಕ್ಕೂ ಅತ್ತೆ." ಅವಳು ಕಣ್ಣೊರೆಸಿಕೊಂಡಳು. "ಇನ್ಮೇಲೆ ದಿನಾ ಬಂದು ಮುಖ ನೋಡೇ ಕೇಳ್ತೀನಿ. ಎದುರಿಗೆ ನಿಂತು ಸುಳ್ಳು ಹೇಳೋಕೆ ನಿಮ್ಗೆ ಬರಲ್ಲ ಅನ್ಸತ್ತೆ. ಎಲ್ಲಿ, ನಾನಂದ್ರೆ ಇಷ್ಟ ಇಲ್ಲ ಅಂತ ಹೇಳಿ ನೋಡೋಣ?"

ಅವನು ಬಾಯಿ ತೆರೆದ. ಕಿವಿ ಇನ್ನಷ್ಟು ಕೆಂಪಾಯಿತೇ ಹೊರತು ಮಾತು ಹೊರಡಲಿಲ್ಲ.